ಕಾಮಾಲೆಯೋ, ಬಾಂಬಿನ ಬೂದಿಯೋ: ಒಬ್ಬ ಮೀನುಗಾರನ ಸಾವಿನ ಎಪ್ಪತ್ತು ವರ್ಷದ ತಕರಾರು

ಐಕಿಚಿ ಕುಬೋಯಾಮ 1954ರ ಸೆಪ್ಟೆಂಬರ್ 23ರಂದು ಟೋಕಿಯೋದ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 40. ಟ್ಯೂನಾ ಮೀನಿನ ದೋಣಿಯೊಂದರಲ್ಲಿ ರೇಡಿಯೋ ಆಪರೇಟರ್ ಆಗಿದ್ದರು. ಮನೆಯಲ್ಲಿ ಹೆಂಡತಿ, ಮೂವರು ಹೆಣ್ಣುಮಕ್ಕಳು. ಸತ್ತಿದ್ದು ಯಾವುದರಿಂದ? ವಿಕಿರಣದಿಂದ ಎಂದರು ಜಪಾನಿನ ವೈದ್ಯರು. ಚಿಕಿತ್ಸೆಗೆಂದು ಅವರಿಗೆ ರಕ್ತ ಏರಿಸಿದಾಗ ತಗುಲಿದ ಕಾಮಾಲೆಯಿಂದ ಎಂದರು ಅಮೆರಿಕದ ಕಡೆಯವರು. ಈ ಎರಡು ಮಾತೂ ಇವತ್ತಿನವರೆಗೆ ಜೊತೆಜೊತೆಗೆ ನಡೆದು ಬಂದಿವೆ. ಒಬ್ಬರು ಅವರನ್ನು 'ಹೈಡ್ರೋಜನ್ ಬಾಂಬಿನ ಮೊದಲ ಬಲಿ' ಎನ್ನುತ್ತಾರೆ. ಇನ್ನೊಬ್ಬರು 'ಅದೆಲ್ಲ ಸುಮ್ನೆ ಪ್ರಚಾರ' ಎನ್ನುತ್ತಾರೆ. ನಡುವೆ ಪರಿಹಾರದ ಹಣ, ವಿಷದ ಮೀನು, ಅರವತ್ತು ವರ್ಷದ ಮೇಲೆ ಹೊರಬಂದ ಕಡತ, ಕೋರ್ಟು ಕೇಸು ಎಲ್ಲ ಸೇರಿ ಗೋಜಲಾಗಿದೆ. ಮೊದಲಿಂದ ನೋಡೋಣ.

ಯುದ್ಧ ಸೋತ ಜಪಾನಿನಲ್ಲಿ ಊಟಕ್ಕೇ ತತ್ವಾರವಿತ್ತು. ಹೊಟ್ಟೆ ತುಂಬಿಸಲು ಮೀನು ಬೇಕು, ಆದರೆ ದೂರದ ಸಮುದ್ರಕ್ಕೆ ಹೋಗುವಂತಿರಲಿಲ್ಲ. ದೇಶವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಅಮೆರಿಕದ ಸೇನಾಡಳಿತ ಸಮುದ್ರದಲ್ಲಿ ಗೆರೆ ಎಳೆದಿತ್ತು. ಅದಕ್ಕೆ ಮ್ಯಾಕ್ಆರ್ಥರ್ ರೇಖೆ ಎಂದು ಹೆಸರು. 1952ರಲ್ಲಿ ಆ ಗೆರೆ ಅಳಿಸಿತು. ಒಮ್ಮೆಗೇ ನೂರಾರು ದೋಣಿಗಳು ಶಾಂತಸಾಗರದ ನಡುಭಾಗಕ್ಕೆ ನುಗ್ಗಿದವು. ಅಲ್ಲಿ ಟ್ಯೂನಾ ಇತ್ತು, ಟ್ಯೂನಾಗೆ ಒಳ್ಳೆ ಬೆಲೆಯಿತ್ತು. ಅದೇ ಸಮುದ್ರದಲ್ಲಿ ಮಾರ್ಷಲ್ ದ್ವೀಪಗಳೂ ಇದ್ದವು, ಅಲ್ಲಿ ಅಮೆರಿಕ 1946ರಿಂದಲೇ ಬಾಂಬು ಪರೀಕ್ಷೆ ಮಾಡುತ್ತಿತ್ತು.

ಶಿಜುವೊಕಾ ಪ್ರಾಂತ್ಯದ ಯೈಜು ಬಂದರಿನ ದಾಯ್‌ಗೊ ಫುಕುರ್ಯೂ ಮಾರು ಹೀಗೆ ಹೊರಟ ದೋಣಿಗಳಲ್ಲೊಂದು, ಕುಬೋಯಾಮ ಇದ್ದದ್ದು ಇದರಲ್ಲೇ. ಹೆಸರಿನ ಅರ್ಥ ಐದನೇ ನಂಬರಿನ ಅದೃಷ್ಟದ ಡ್ರ್ಯಾಗನ್. 1947ರಲ್ಲಿ ಕಟ್ಟಿದ ಮರದ ದೋಣಿ. ಹುಟ್ಟುವಾಗ ಬೇರೆ ಹೆಸರಿತ್ತು, ಬೇರೆ ಜಾತಿಯ ಮೀನು ಹಿಡಿಯುತ್ತಿತ್ತು, ಆಮೇಲೆ ಟ್ಯೂನಾ ದೋಣಿಯಾಗಿ ಬದಲಾಯಿತು. ದೂರದ ಸಮುದ್ರಕ್ಕೆ ಹೇಳಿ ಮಾಡಿಸಿದ್ದೇನೂ ಅಲ್ಲ. 1954ರ ಜನವರಿ 22ರಂದು 23 ಜನರನ್ನು ಹೊತ್ತು ಹೊರಟಿತು. ಮೊದಲು ಹೋದದ್ದು ಮಿಡ್‌ವೇ ಕಡೆಗೆ. ಅಲ್ಲಿ ಗಾಳದ ಹಗ್ಗಗಳು ಬಂಡೆಗೆ ಸಿಕ್ಕಿ ಅರ್ಧದಷ್ಟು ಹೋಗಿಬಿಟ್ಟವು. ಹಗ್ಗವೂ ಇಲ್ಲ ಮೀನೂ ಇಲ್ಲ ಎಂದು ಬರಿಗೈಯಲ್ಲಿ ಊರಿಗೆ ಹೋಗುವುದು ಹೇಗೆ? ಉಳಿದ ಹಗ್ಗ ಕಟ್ಟಿಕೊಂಡು ಮಾರ್ಷಲ್ ದ್ವೀಪಗಳತ್ತ ತಿರುಗಿದರು.

ಮಾರ್ಚ್ 1, ಬೆಳಕು ಹರಿಯುವ ಮುಂಚೆ. ದೋಣಿ ಬಿಕಿನಿ ಹವಳದ್ವೀಪದಿಂದ ಸುಮಾರು 160 ಕಿಲೋಮೀಟರ್ ಪೂರ್ವಕ್ಕಿತ್ತು. ಅಮೆರಿಕ ಅಪಾಯದ ಪ್ರದೇಶ ಎಂದು ಸಾರಿದ್ದ ಗಡಿಯಿಂದ ಇದು 30 ಕಿಲೋಮೀಟರಿನಷ್ಟು ಹೊರಗೆ. ಗಾಳ ಬಿಟ್ಟು ಕಾಯುತ್ತಿದ್ದಾಗ ಪಶ್ಚಿಮದ ಆಕಾಶವೆಲ್ಲ ಬೆಳಗಿತು. ಸೂರ್ಯ ಆ ಕಡೆ ಹುಟ್ಟುವುದಿಲ್ಲ ಅಲ್ವಾ? ಏಳೆಂಟು ನಿಮಿಷದ ಮೇಲೆ ಸದ್ದು ಬಂತು. ಬೆಳಕಿಗೂ ಸದ್ದಿಗೂ ನಡುವಿನ ಹೊತ್ತನ್ನು ಲೆಕ್ಕ ಹಾಕಿ ನಕ್ಷೆ ನೋಡಿದರೆ ಆ ದೂರಕ್ಕೆ ಸಿಕ್ಕಿದ್ದು ಬಿಕಿನಿ.

ಅದು ಕ್ಯಾಸಲ್ ಬ್ರಾವೋ ಎಂಬ ಹೈಡ್ರೋಜನ್ ಬಾಂಬು. ಮಾಡಿದವರು ಅಂದಾಜಿಸಿದ್ದು ಸುಮಾರು 6 ಮೆಗಾಟನ್. ಸಿಡಿದಿದ್ದು 15 ಮೆಗಾಟನ್. ಹಿರೋಷಿಮಾ ಬಾಂಬಿಗೆ ಹೋಲಿಸಿದರೆ ಸಾವಿರ ಪಟ್ಟು. ಇಂಧನದಲ್ಲಿದ್ದ ಲಿಥಿಯಂ-7 ಏನೂ ಮಾಡದೆ ಸುಮ್ಮನಿರುತ್ತದೆ ಅಂದುಕೊಂಡಿದ್ದರು, ಅದು ಸುಮ್ಮನಿರಲಿಲ್ಲ. ಗಾಳಿಯೂ ಪೂರ್ವದ ಕಡೆಗೆ ಬೀಸುತ್ತಿತ್ತು. ಮೊದಲು ಗುರುತು ಮಾಡಿದ್ದ ಅಪಾಯದ ಪ್ರದೇಶ ಎಷ್ಟು ಚಿಕ್ಕದಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆ ತಿಂಗಳೊಳಗೇ ಅದನ್ನು ಎಂಟು ಪಟ್ಟು ಹಿಗ್ಗಿಸಿದರು.

ಎರಡು ಮೂರು ಗಂಟೆಯಲ್ಲಿ ದೋಣಿಯ ಮೇಲೆ ಬಿಳಿ ಪುಡಿ ಉದುರಲು ಶುರುವಾಯಿತು. ಜರಡಿಯಿಂದ ಹಿಟ್ಟು ಬಿದ್ದ ಹಾಗೆ. ಸುಟ್ಟು ಪುಡಿಯಾದ ಹವಳ ಅದು. ಡೆಕ್ಕಿನ ಮೇಲೆ ಹೆಜ್ಜೆ ಗುರುತು ಮೂಡುವಷ್ಟು ಬಿತ್ತು. ಏನಿದು ಎಂದು ನಾಲಗೆಗೆ ಹಚ್ಚಿ ನೋಡಿದವರೂ ಇದ್ದರು. ಅಲ್ಲಿಂದ ಓಡಿಹೋಗಬಹುದಿತ್ತಲ್ಲ ಎಂದು ಈಗ ಕೂತು ಹೇಳುವುದು ಸುಲಭ. ಕಿಲೋಮೀಟರುಗಟ್ಟಲೆ ಹಗ್ಗ ನೀರಲ್ಲಿತ್ತು. ಇದ್ದ ಅರ್ಧವನ್ನೂ ಬಿಟ್ಟು ಬರುವ ಮೀನುಗಾರ ಯಾರಿದ್ದಾನೆ? ಬೂದಿಯಲ್ಲಿ ನೆನೆಯುತ್ತಲೇ ಆರು ಗಂಟೆ ಹಗ್ಗ ಎಳೆದರು. ರೇಡಿಯೋದಲ್ಲಿ ಊರಿಗೆ ಸುದ್ದಿ ಮುಟ್ಟಿಸಲಿಲ್ಲ. ನೋಡಬಾರದ್ದನ್ನು ನೋಡಿದ್ದೇವೆ, ಅಮೆರಿಕದವರಿಗೆ ಗೊತ್ತಾದರೆ ಹಿಡಿದುಕೊಂಡು ಹೋಗುತ್ತಾರೆ ಎಂಬ ಭಯ. ಯುದ್ಧ ಮುಗಿದು ಒಂಬತ್ತು ವರ್ಷವೂ ಆಗಿರದ ಕಾಲ ಅದು. ಈ ಭಯವನ್ನು ಮರೆತರೆ ಮುಂದಿನ ಕತೆ ಅರ್ಥವಾಗುವುದಿಲ್ಲ.

ಅದೇ ದಿನ ಸಂಜೆಯಿಂದ ತಲೆನೋವು, ವಾಂತಿ. ಸೊಂಟಕ್ಕೆ ಹಗ್ಗ ಬಿಗಿದಿದ್ದ ಜಾಗದಲ್ಲಿ, ಕಿವಿಯ ಸುತ್ತ, ಎಲ್ಲೆಲ್ಲಿ ಬೂದಿ ಕೂತಿತ್ತೋ ಅಲ್ಲೆಲ್ಲ ಗುಳ್ಳೆಯೆದ್ದಿತು. ಮುಖ ಕಪ್ಪಾಯಿತು. ತಲೆಗೂದಲು ಕೈಗೆ ಬರತೊಡಗಿತು. ಮಾರ್ಚ್ 14, ಭಾನುವಾರ, ದೋಣಿ ಯೈಜು ಸೇರಿತು. ಊರಿನ ಆಸ್ಪತ್ರೆಯ ವೈದ್ಯರು ಮುಲಾಮು ಹಚ್ಚಿದರು. ಮರುದಿನ ಇಬ್ಬರು ಕಾಗದದಲ್ಲಿ ಕಟ್ಟಿಟ್ಟಿದ್ದ ಬೂದಿಯ ಜೊತೆ ಟೋಕಿಯೋ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋದರು. ಮಾರ್ಚ್ 16ರ ಬೆಳಗ್ಗೆ ಯೊಮಿಯುರಿ ಶಿಂಬುನ್ ಪತ್ರಿಕೆಯಲ್ಲಿ ಸುದ್ದಿ ಬಂತು. ಅಷ್ಟರಲ್ಲಿ ದೋಣಿಯ ಮೀನು ಟೋಕಿಯೋ, ಒಸಾಕಾ ಮಾರುಕಟ್ಟೆಗಳಿಗೆ ಹೊರಟು ಹೋಗಿತ್ತು!

ಗಲಾಟೆ ಎಬ್ಬಿಸಿದ್ದು ಮನುಷ್ಯರ ಗಾಯಕ್ಕಿಂತ ಜಾಸ್ತಿ ಆ ಮೀನೇ. ತ್ಸುಕಿಜಿ ಮಾರುಕಟ್ಟೆಯಲ್ಲಿ ಟ್ಯೂನಾ ಹೂಳಿದರು. ಬಂದರುಗಳಲ್ಲಿ ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದು ನಿಂತರು. ಹತ್ತು ಸೆಂಟಿಮೀಟರ್ ದೂರದಿಂದ ನಿಮಿಷಕ್ಕೆ 100 ಎಣಿಕೆ ದಾಟಿದರೆ ಮೀನು ಸಮುದ್ರಕ್ಕೆ ವಾಪಸ್. ವರ್ಷದ ಕೊನೆಯ ಹೊತ್ತಿಗೆ ಸರ್ಕಾರದ ಲೆಕ್ಕದಲ್ಲೇ 856 ದೋಣಿಗಳು ಸುಮಾರು 485 ಟನ್ ಮೀನು ಎಸೆದಿದ್ದವು. ಈ 856 ಎಂಬ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೋಕಿಯೋದ ಸುಗಿನಾಮಿಯಲ್ಲಿ ಮೀನು ಮಾರುವವರು, ಗೃಹಿಣಿಯರು ಸೇರಿ ಬಾಂಬಿನ ವಿರುದ್ಧ ಸಹಿ ಸಂಗ್ರಹಿಸಿದರು. ಒಂದೇ ವರ್ಷದಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಜಾಸ್ತಿ ಸಹಿ ಬಿದ್ದವು. ಸುದ್ದಿ ನಮ್ಮ ದೆಹಲಿಗೂ ಮುಟ್ಟಿತು. 1954ರ ಏಪ್ರಿಲ್ 2ರಂದು ನೆಹರೂ ಲೋಕಸಭೆಯಲ್ಲಿ, ಬಾಂಬು ಪೂರ್ತಿ ನಿಷೇಧಿಸುವುದು ತಡವಾದರೆ ಪರೀಕ್ಷೆಗಳನ್ನಾದರೂ ನಿಲ್ಲಿಸಿ ಎಂದು ಕೇಳಿದರು. ಅದೇ ವರ್ಷ ಆಗಸ್ಟಿನಲ್ಲಿ ನಮ್ಮ ಅಣುಶಕ್ತಿ ಇಲಾಖೆ ಹುಟ್ಟಿತು. ಜಪಾನಿನಲ್ಲೂ ಇದೇ ಕತೆ. ಮಾರ್ಚ್ ಮೊದಲ ವಾರ, ದೋಣಿ ಇನ್ನೂ ಸಮುದ್ರದಲ್ಲಿದ್ದಾಗಲೇ, ಅಲ್ಲಿನ ಸಂಸತ್ತಿನ ಕೆಳಮನೆ ಮೊದಲ ಅಣುಶಕ್ತಿ ಬಜೆಟ್ಟಿಗೆ ಒಪ್ಪಿಗೆ ಕೊಟ್ಟಿತ್ತು. ಬಾಂಬು ಬೇಡ, ಅಣು ವಿದ್ಯುತ್ ಬೇಕು ಎನ್ನುತ್ತಿದ್ದ ಕಾಲ.

ಇನ್ನು ತಕರಾರಿನ ಬುಡ. ಆಸ್ಪತ್ರೆ ಸೇರಿದ 23 ಜನರಿಗೂ ಬಿಳಿ ರಕ್ತಕಣ ಇಳಿದಿತ್ತು. ಏನು ಔಷಧ ಕೊಡಬೇಕಾದರೂ ಬೂದಿಯಲ್ಲಿ ಏನಿದೆ ಎಂದು ತಿಳಿಯಬೇಕು. ಜಪಾನಿನ ವಿಜ್ಞಾನಿಗಳು ಅಮೆರಿಕವನ್ನು ಕೇಳಿದರು. ಉತ್ತರ ಬರಲಿಲ್ಲ. ಬೂದಿಯಲ್ಲಿ ಏನಿದೆ ಎಂದು ಹೇಳಿದರೆ ಬಾಂಬನ್ನು ಹೇಗೆ ಕಟ್ಟಿದ್ದಾರೆ ಎನ್ನುವುದೂ ಹೊರಬೀಳುತ್ತಿತ್ತು. ಕೊನೆಗೆ ಟೋಕಿಯೋ ವಿಶ್ವವಿದ್ಯಾಲಯದ ಕೆಂಜಿರೊ ಕಿಮುರಾ ಮತ್ತು ಅವರ ಜೊತೆಗಾರರು ತಾವೇ ಪರೀಕ್ಷೆ ಮಾಡಿ, ಬಾಂಬಿನ ರಚನೆಯ ಸುಳಿವು ಕೊಡುವ ಯುರೇನಿಯಂ-237 ಪತ್ತೆ ಹಚ್ಚಿದರು. ಗುಟ್ಟು ಹಾಗೂ ಉಳಿಯಲಿಲ್ಲ, ಕಾಯಿಲೆಯವರಿಗೆ ಸಿಗಬೇಕಾದ ಮಾಹಿತಿ ಮಾತ್ರ ತಡವಾಯಿತು. ಮಾರ್ಚ್ 31ರಂದು ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್ ಹೇಳಿಕೆ ಕೊಟ್ಟರು. ದೋಣಿ ಅಪಾಯದ ಗಡಿಯೊಳಗೇ ಇದ್ದಿರಬೇಕು, ಚರ್ಮದ ಗಾಯ ಸುಟ್ಟ ಹವಳದ ರಾಸಾಯನಿಕ ಗುಣದಿಂದ ಆಗಿರಬೇಕು ಎಂಬುದು ಅದರ ಸಾರ. ಅಮೆರಿಕದ ವೈದ್ಯರೂ ಬಂದರು. ಆದರೆ ಅವರು ನೋಡಲು ಬಂದಿದ್ದಾರೆಯೇ ಹೊರತು ವಾಸಿ ಮಾಡಲು ಅಲ್ಲ ಎಂಬ ಅನುಮಾನ ವಾರ್ಡಿನಲ್ಲಿ ಹುಟ್ಟಿತು. ಹಿರೋಷಿಮಾದ ಅನುಭವವಿದ್ದವರಿಗೆ ಆ ಅನುಮಾನ ಬಂದದ್ದು ಸಹಜವೇ.

ರಕ್ತ ಕೊಡುವುದೊಂದೇ ಆಗ ಕೈಲಿದ್ದ ದಾರಿ. ಎಲ್ಲರಿಗೂ ಮತ್ತೆ ಮತ್ತೆ ರಕ್ತ, ಪ್ಲಾಸ್ಮಾ ಏರಿಸಿದರು. ಅಂದಿನ ಜಪಾನಿನಲ್ಲಿ ದುಡ್ಡಿಗಾಗಿ ರಕ್ತ ಮಾರುವವರೇ ಜಾಸ್ತಿ. ಕಾಮಾಲೆ ತರುವ ಹೆಪಟೈಟಿಸ್ ವೈರಸ್ ರಕ್ತದಲ್ಲಿದೆಯೇ ಎಂದು ಪತ್ತೆ ಮಾಡುವ ಪರೀಕ್ಷೆ ಜಗತ್ತಿನಲ್ಲೇ ಇರಲಿಲ್ಲ. ಬೇಸಿಗೆ ಹೊತ್ತಿಗೆ ಹಲವರಿಗೆ ಕಾಮಾಲೆ ಬಂತು. ಕುಬೋಯಾಮ ಅವರಿಗೆ ಎಲ್ಲರಿಗಿಂತ ಜೋರು. ಆಗಸ್ಟ್ ಕೊನೆಗೆ ಪ್ರಜ್ಞೆ ತಪ್ಪಿದರು. ರೇಡಿಯೋದಲ್ಲಿ ದಿನವೂ ಅವರ ಆರೋಗ್ಯದ ಸುದ್ದಿ. ಶಾಲೆ ಮಕ್ಕಳು ಪತ್ರ ಬರೆದರು. ಅಣು ಬಾಂಬು, ಹೈಡ್ರೋಜನ್ ಬಾಂಬಿಗೆ ಬಲಿಯಾಗುವವರಲ್ಲಿ ನಾನೇ ಕೊನೆಯವನಾಗಲಿ ಎಂಬುದು ಅವರು ಬಿಟ್ಟುಹೋದ ಮಾತು.

ಈಗ ತಕರಾರನ್ನು ಹತ್ತಿರದಿಂದ ನೋಡಿ. ಲಿವರ್ ಕೆಟ್ಟಿತ್ತು ಎಂಬುದರಲ್ಲಿ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿಲ್ಲ. ಅದು ವಿಕಿರಣದಿಂದ ಕೆಟ್ಟಿತೋ, ಏರಿಸಿದ ರಕ್ತದಿಂದಲೋ ಎಂಬುದಷ್ಟೇ ಜಗಳ. ಮುಂದಿನ ದಶಕಗಳಲ್ಲಿ ಬದುಕುಳಿದವರ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಸಿಕ್ಕಿತು, ಹಾಗಾಗಿ ಎರಡನೇ ವಾದಕ್ಕೆ ತೂಕವಿದೆ ಎಂದು ಒಪ್ಪಲೇಬೇಕು. ಆದರೆ ಇಪ್ಪತ್ತು, ಮೂವತ್ತರ ವಯಸ್ಸಿನ ಗಟ್ಟಿಮುಟ್ಟಾದ ಮೀನುಗಾರರಿಗೆ ಬಾಟಲಿಗಟ್ಟಲೆ ರಕ್ತ ಯಾಕೆ ಬೇಕಾಯಿತು? ಈ ಪ್ರಶ್ನೆ ಕೇಳಿದ ಕೂಡಲೇ ಎರಡು ವಾದಗಳ ನಡುವಿನ ಗೋಡೆ ತೆಳ್ಳಗಾಗುತ್ತದೆ. ಆದರೂ 'ಅಥವಾ' ಎಂಬ ಮಾತು ಎಪ್ಪತ್ತು ವರ್ಷ ಬಾಳಿದೆ, ಯಾಕೆಂದರೆ ಹೊಣೆಯ ಲೆಕ್ಕ ನಿಂತಿರುವುದು ಅದರ ಮೇಲೆಯೇ.

ಲೆಕ್ಕವನ್ನೂ ಬೇಗ ಮುಗಿಸಿದರು. 1954ರ ಡಿಸೆಂಬರ್ 31ಕ್ಕೆ ಬಂದರುಗಳಲ್ಲಿ ಮೀನು ಪರೀಕ್ಷೆ ನಿಂತಿತು. ನಾಲ್ಕೇ ದಿನಕ್ಕೆ, 1955ರ ಜನವರಿ 4ರಂದು, ಎರಡು ಸರ್ಕಾರಗಳೂ ಸಹಿ ಹಾಕಿದವು. ಅಮೆರಿಕ 20 ಲಕ್ಷ ಡಾಲರ್ ಕೊಟ್ಟಿತು. ಕಾನೂನಿನ ಹೊಣೆ ಒಪ್ಪಿಕೊಂಡು ಕೊಟ್ಟದ್ದಲ್ಲ, ಸಹಾನುಭೂತಿಗೆ ಕೊಟ್ಟದ್ದು. ಇದರೊಂದಿಗೆ 1954ರ ಪರೀಕ್ಷೆಗಳ ಬಗ್ಗೆ ಇರುವ ಎಲ್ಲ ಹಕ್ಕುದಾವೆಗಳೂ ತೀರಿದವು ಎಂದು ಬರೆದುಕೊಂಡರು. ಹಣದಲ್ಲಿ ಹೆಚ್ಚಿನ ಪಾಲು ಮೀನು ಉದ್ಯಮದ ನಷ್ಟಕ್ಕೆ ಹೋಯಿತು. ದೋಣಿಯ ಕೆಲಸಗಾರರಿಗೆ ತಲಾ ಸುಮಾರು 20 ಲಕ್ಷ ಯೆನ್ ಸಿಕ್ಕಿತು. ಆಗಿನ ಕಾಲಕ್ಕೆ ದೊಡ್ಡ ಮೊತ್ತ. ಅದೇ ಮುಳುವಾಯಿತು. ಮೀನಿನ ಬೆಲೆ ಬಿದ್ದು ನೆರೆಹೊರೆಯವರು ಕಂಗಾಲಾಗಿದ್ದರು. ನೀವು ಬೂದಿ ತಂದಿರಿ, ನಮಗೆ ನಷ್ಟ, ನಿಮಗೆ ದುಡ್ಡು ಎಂದು ಮೂದಲಿಸಿದರು. 1955ರ ಮೇ ತಿಂಗಳಲ್ಲಿ ಆಸ್ಪತ್ರೆಯಿಂದ ಹೊರಬಂದ 22 ಜನರಲ್ಲಿ ಹಲವರು ಬಾಯಿ ಮುಚ್ಚಿಕೊಂಡು ಬದುಕಿದರು. ಅವರಲ್ಲೊಬ್ಬರಾದ ಮತಾಶಿಚಿ ಓಯಿಶಿ ಊರು ಬಿಟ್ಟು ಟೋಕಿಯೋದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟರು. ಸುಮಾರು ಮೂವತ್ತು ವರ್ಷ ಸುಮ್ಮನಿದ್ದು, 1983ರಿಂದ ಶಾಲೆ ಮಕ್ಕಳ ಮುಂದೆ ಮಾತಾಡತೊಡಗಿದರು. 1990ರ ದಶಕದಲ್ಲಿ ಅವರಿಗೆ ಲಿವರ್ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಯಿತು. 2021ರಲ್ಲಿ ತೀರಿಕೊಂಡರು. ಹಿರೋಷಿಮಾ, ನಾಗಾಸಾಕಿಯವರಿಗೆ ಇರುವ ಕಾನೂನಿನ ಸವಲತ್ತು ಇವರಿಗೆ ಅನ್ವಯಿಸಲೇ ಇಲ್ಲ.

ನಡುವಿನ ವರ್ಷಗಳನ್ನು ಒಂದೇ ಉಸಿರಿಗೆ ಹೇಳಬಹುದು: 1963ರಲ್ಲಿ ವಾತಾವರಣದಲ್ಲಿ ಪರೀಕ್ಷೆ ಬೇಡವೆಂಬ ಒಪ್ಪಂದವಾಯಿತು, ಜಪಾನಿನ ಬಾಂಬು ವಿರೋಧಿ ಚಳವಳಿ ಒಡೆಯಿತು, ದೋಣಿ ತರಬೇತಿ ಹಡಗಾಗಿ ದುಡಿದು ಟೋಕಿಯೋದ ಕಸದ ಗುಡ್ಡೆಯ ಬಳಿ ಬಿದ್ದಿತ್ತು, 1968ರಲ್ಲಿ ಪತ್ರಿಕೆಗೆ ಬಂದ ಯುವಕನೊಬ್ಬನ ಪತ್ರದಿಂದ ಅದನ್ನು ಉಳಿಸುವ ಕೂಗೆದ್ದಿತು, 1976ರಲ್ಲಿ ಅದರ ಸುತ್ತ ಮ್ಯೂಸಿಯಂ ಕಟ್ಟಿದರು.

ಈಗ ಆ 856. ಒಂದು ದೋಣಿಯ ಒಬ್ಬ ಮನುಷ್ಯನ ಲಿವರ್ ಬಗ್ಗೆ ಇಷ್ಟೆಲ್ಲ ವಾದ ನಡೆಯುವಾಗ ಉಳಿದ ದೋಣಿಗಳ ಜನರ ವಿಚಾರ ಕೇಳಿದವರಿಲ್ಲ. ಅವರ ಮೀನನ್ನು ಅಳೆದರು, ಅವರನ್ನು ಬಹುಮಟ್ಟಿಗೆ ಬಿಟ್ಟರು. 1985ರಲ್ಲಿ ಕೊಚಿ ಪ್ರಾಂತ್ಯದಲ್ಲಿ (ಇದು ಕೇರಳದ ಕೊಚ್ಚಿ ಅಲ್ಲ, ಶಿಕೊಕು ದ್ವೀಪದ್ದು) ಹೈಸ್ಕೂಲ್ ಮಕ್ಕಳೂ ಮೇಷ್ಟ್ರುಗಳೂ ಮನೆಮನೆಗೆ ಹೋಗಿ ಹಳೆಯ ಟ್ಯೂನಾ ಮೀನುಗಾರರನ್ನು ಮಾತಾಡಿಸಿದರು. ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬಂದು ಸತ್ತವರ ಸುದ್ದಿ ಒಂದೊಂದೇ ಹೊರಬಂತು. ಕಾಗದಪತ್ರ ಕೇಳಿದರೆ ಸರ್ಕಾರ ಇಲ್ಲ ಎನ್ನುತ್ತಾ ಬಂತು. 2014ರಲ್ಲಿ ಕಾಗದಗಳು ಹೊರಬಂದವು. 1954ರಲ್ಲೇ ಬೇರೆ ದೋಣಿಗಳವರನ್ನೂ ಅಳೆದ ದಾಖಲೆ ಅವು.

2016ರಲ್ಲಿ ಮೀನುಗಾರರು ಮತ್ತು ಸತ್ತವರ ಮನೆಯವರು ಸೇರಿ 45 ಜನ ಕೊಚಿ ಕೋರ್ಟಿಗೆ ಹೋದರು. ದಾಖಲೆ ಬಚ್ಚಿಟ್ಟು ನಮ್ಮ ಪರಿಹಾರದ ದಾರಿ ಮುಚ್ಚಿದರು ಎಂಬುದು ಅವರ ದೂರು. 2018ರಲ್ಲಿ ಜಿಲ್ಲಾ ಕೋರ್ಟು, 2019ರ ಡಿಸೆಂಬರಿನಲ್ಲಿ ತಕಾಮತ್ಸು ಹೈಕೋರ್ಟು ಅರ್ಜಿ ತಳ್ಳಿಹಾಕಿದವು. 2020ರಲ್ಲಿ ಹಡಗು ನೌಕರರ ವಿಮೆಯ ಅಡಿ ಇನ್ನೊಂದು ಕೇಸು ಹಾಕಿದರು. ಅಲ್ಲಿ ತೋರಿಸಬೇಕಾಗಿದ್ದು, ಈ ಕಾಯಿಲೆ ಆ ಬೂದಿಯಿಂದಲೇ ಬಂತು ಎಂಬುದನ್ನು. ಟೋಕಿಯೋದ ದೊಡ್ಡ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ವೈದ್ಯರ ಕಣ್ಣೆದುರಿದ್ದು, ಮರಣೋತ್ತರ ಪರೀಕ್ಷೆಯೂ ಆದ ಕುಬೋಯಾಮ ಅವರ ವಿಷಯದಲ್ಲೇ ಇತ್ಯರ್ಥವಾಗದ ಪ್ರಶ್ನೆ ಅದು.