ಕಾಗಿನೆಲೆಯ ಆದಿಕೇಶವ: ಅಂಕಿತದೊಳಗಿನ ಊರು

ಕನಕದಾಸರು ಅಂದಕೂಡಲೇ ನಮ್ಮ ಮನಸ್ಸು ಉಡುಪಿಗೆ, ಕನಕನ ಕಿಂಡಿಗೆ ಓಡುತ್ತದೆ. ಅವರ ಕೀರ್ತನೆಗಳ ಕೊನೆಯ ಸಾಲು ಹೇಳುವ ಊರು ಬೇರೆ. ಅದು ನಮ್ಮ ಹಾವೇರಿ ಜಿಲ್ಲೆಯ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ.

ಮೊದಲು ಅಂಕಿತ ಎಂದರೇನು ನೋಡೋಣ. ಹಾಡಿನ ಕೊನೆಗೆ ಬರುವ ಮುದ್ರೆ ಅದು, ಸಾಮಾನ್ಯವಾಗಿ ಇಷ್ಟದೈವದ ಹೆಸರು. ಪುರಂದರದಾಸರದು ಪುರಂದರವಿಠಲ, ವಿಜಯದಾಸರದು ವಿಜಯವಿಠಲ. ಹರಿದಾಸರಲ್ಲಿ ವಿಠಲನ ಹೆಸರೇ ಹೆಚ್ಚು. ಕನಕದಾಸರದು ‘ಕಾಗಿನೆಲೆಯಾದಿಕೇಶವ’. ಇಲ್ಲಿ ಊರು ಮೊದಲು, ದೇವರು ಆಮೇಲೆ. ಬಸವಣ್ಣನವರ ‘ಕೂಡಲಸಂಗಮದೇವ’ ನೆನಪಾಗುತ್ತದಲ್ಲವೇ?

ಕನಕರು ಹುಟ್ಟಿದ್ದು ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ, 1509ರಲ್ಲಿ ಎನ್ನುತ್ತಾರೆ. ಮೊದಲ ಹೆಸರು ತಿಮ್ಮಪ್ಪನಾಯಕ. ಬಾಡದ ಆದಿಕೇಶವನನ್ನು ಅವರೇ ಕಾಗಿನೆಲೆಗೆ ತಂದು ನೆಲೆಗೊಳಿಸಿದರು ಎಂಬುದು ಪ್ರತೀತಿ. ಮುಂದೆ ಅವರು ಮಾಧ್ವ ಯತಿ ವ್ಯಾಸರಾಯರ ಶಿಷ್ಯರಾದರು.

ಈಗ ‘ಬಾಗಿಲನು ತೆರೆದು’ ಕೀರ್ತನೆಗೆ ಬನ್ನಿ. ಇದನ್ನು ಉಡುಪಿಯ ಗುಡಿಯ ಮುಂದೆ ಹಾಡಿದ್ದೆಂದು ಜನ ನಂಬಿದ್ದಾರೆ. ಕೂಗಿದರೂ ದನಿ ಕೇಳಲಿಲ್ಲವೇ ಎಂದು ಶುರುವಾಗಿ, ಚರಣಗಳಲ್ಲಿ ಕಷ್ಟದಲ್ಲಿ ಕರೆದವರೆಲ್ಲ ಒಬ್ಬೊಬ್ಬರಾಗಿ ಬರುತ್ತಾರೆ: ಆನೆಗಳ ರಾಜ, ಪ್ರಹ್ಲಾದ, ದ್ರೌಪದಿ, ಅಜಾಮಿಳ. ಅವರ ಕೂಗು ಕೇಳಿದವನಿಗೆ ನನ್ನದು ಕೇಳಿಸದೇ ಎಂಬ ವಾದ ಅದು. ಬೇಡಿಕೆಗಿಂತ ಹಕ್ಕಿನ ದನಿಯೇ ನನಗೆ ಜೋರಾಗಿ ಕೇಳುತ್ತದೆ. ಕೊನೆಗೆ ಅವರು ಕರೆಯುವುದು ಕಾಗಿನೆಲೆಯ ಆದಿಕೇಶವನನ್ನೇ. ಉಡುಪಿಯ ಬಾಗಿಲಲ್ಲಿ ನಿಂತಾಗಲೂ ಬಾಯಿಗೆ ಬಂದದ್ದು ಊರ ದೇವರ ಹೆಸರು! ಇದನ್ನು ಗಮನಿಸಿದ ದಿನ ನಾನು ಆ ಹಾಡನ್ನು ಮತ್ತೆ ಮತ್ತೆ ಓದಿದೆ.

ಕೀರ್ತನೆಗಳಲ್ಲದೆ ಕನಕರು ಬರೆದ ಕಾವ್ಯಗಳ ಪಟ್ಟಿ ನೆನಪಿಡಲು ಸುಲಭ: ಮೋಹನತರಂಗಿಣಿ ಸಾಂಗತ್ಯವೆಂಬ ಛಂದಸ್ಸಿನಲ್ಲಿದೆ; ನಳಚರಿತ್ರೆ, ರಾಮಧಾನ್ಯಚರಿತೆ, ಹರಿಭಕ್ತಿಸಾರ ಆರು ಸಾಲಿನ ಪದ್ಯಗಳ ಭಾಮಿನಿ ಷಟ್ಪದಿಯಲ್ಲಿವೆ.

ಜೊತೆಗೆ ‘ನೀ ಮಾಯೆಯೊಳಗೋ’ ಓದಿ. ಅಲ್ಲಿ ಕನಕರು ಬಯಲು ಆಲಯದೊಳಗೋ, ಆಲಯ ಬಯಲೊಳಗೋ ಎಂದು ಕೇಳುತ್ತಾರೆ. ಎರಡೂ ಕಣ್ಣೊಳಗೋ ಎಂದು ಇನ್ನೊಂದು ಹೆಜ್ಜೆ ಇಡುತ್ತಾರೆ. ಸಕ್ಕರೆ ಮತ್ತು ಸಿಹಿ, ಹೂವು ಮತ್ತು ಗಂಧದ ಬಗ್ಗೆಯೂ ಇದೇ ಪ್ರಶ್ನೆ. ಗುಡಿಯ ಗೋಡೆಯನ್ನೇ ಹೀಗೆ ಕರಗಿಸಿದ ಈ ಕೀರ್ತನೆಯ ಕೊನೆಯಲ್ಲೂ ಇರುವುದು ಕಾಗಿನೆಲೆಯೇ.