ಒಂದೇ ನಿಮಿಷದಲ್ಲಿ ಬೇಯುವ ಎಳೆ

ಇಟಲಿಯ ಪೂರ್ವ ಕರಾವಳಿಯ ಮಾರ್ಕೆ ಪ್ರಾಂತ್ಯದಲ್ಲಿ, ಏಡ್ರಿಯಾಟಿಕ್ ಸಮುದ್ರಕ್ಕೆ ಹತ್ತಿರದ ಗುಡ್ಡವೊಂದರ ಮೇಲೆ ಕಾಂಪೊಫಿಲೋನೆ ಎಂಬ ಊರಿದೆ. ಫೆರ್ಮೊ ಜಿಲ್ಲೆಗೆ ಸೇರಿದ ಈ ಊರಿನ ಜನಸಂಖ್ಯೆ 2,000ದ ಆಸುಪಾಸು. ನಮ್ಮಲ್ಲಿ ಮಳೆ ಹಿಡಿದುಕೊಂಡಿರುವ ಆಗಸ್ಟ್ ತಿಂಗಳು ಅಲ್ಲಿ ಕಡುಬೇಸಿಗೆ. ಆಗ ಊರವರೆಲ್ಲ ಸೇರಿ ತಮ್ಮ ಪಾಸ್ತಾಕ್ಕಾಗಿ ‘ಸಾಗ್ರಾ’ ಮಾಡುತ್ತಾರೆ. ಸಾಗ್ರಾ ಎಂದರೆ ಒಂದು ತಿನಿಸನ್ನೋ ಬೆಳೆಯನ್ನೋ ನಡುವೆ ಇಟ್ಟುಕೊಂಡು ನಡೆಸುವ ಊರಹಬ್ಬ. ಇಟಲಿಯಲ್ಲಿ ಬೇಸಿಗೆ ಬಂತೆಂದರೆ ಇಂಥ ಹಬ್ಬಗಳ ಸಾಲೇ ಶುರುವಾಗುತ್ತದೆ. ಕಾಂಪೊಫಿಲೋನೆಯ ಹಬ್ಬಕ್ಕೆ ಆರು ದಶಕಗಳ ಇತಿಹಾಸವಿದೆ. ಅಲ್ಲಿ ಬಡಿಸುವುದು ‘ಮಕ್ಕೆರೊಂಚೀನಿ’, ಅಂದರೆ ಕೂದಲಿನ ಹಾಗೆ ತೆಳ್ಳಗೆ ಕತ್ತರಿಸಿದ ಮೊಟ್ಟೆಯ ಪಾಸ್ತಾ. 15ನೇ ಶತಮಾನದ ಮಠದ ಪತ್ರಗಳಲ್ಲೇ ಇದರ ಪ್ರಸ್ತಾಪವಿದೆ ಎನ್ನುತ್ತಾರೆ ಊರವರು. 2013ರಲ್ಲಿ ಯುರೋಪಿಯನ್ ಒಕ್ಕೂಟ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಕೊಟ್ಟಿತು.

ಮಾನ್ಯತೆಯ ಜೊತೆಗೆ ನಿಯಮಗಳೂ ಬಂದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವುಗಳಲ್ಲಿನ ಅಳತೆಗಳು. ಲಟ್ಟಿಸಿದ ಹಾಳೆಯ ದಪ್ಪ 0.3ರಿಂದ 0.7 ಮಿಲಿಮೀಟರ್, ಕತ್ತರಿಸಿದ ಎಳೆಯ ಅಗಲ ಹೆಚ್ಚುಕಡಿಮೆ 1 ಮಿಲಿಮೀಟರ್. ಕುದಿಯುವ ನೀರಿಗೆ ಹಾಕಿದರೆ ಒಂದೇ ನಿಮಿಷದಲ್ಲಿ ಬೆಂದಿರುತ್ತದೆ. ನೂರಾರು ಜನ ಒಟ್ಟಿಗೆ ಊಟಕ್ಕೆ ಕುಳಿತಿರುವ ಸಂಜೆಯಲ್ಲಿ ಅಡುಗೆಯವರಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ದುಂಡನೆಯ, ದಪ್ಪ ಎಳೆಯ ಸ್ಪಗೆಟ್ಟಿ ಪಾಸ್ತಾ ಆಗಿದ್ದರೆ ಪ್ರತಿ ಪಾತ್ರೆಗೂ ಹತ್ತು ನಿಮಿಷ ಕಾಯಬೇಕಾಗುತ್ತಿತ್ತು.

ಹತ್ತು ನಿಮಿಷ ಒಂದಕ್ಕೆ ಇಳಿಯುವುದು ಹೇಗೆ? ಒಣ ಪಾಸ್ತಾ ಬೇಯಲು ಶಾಖ ಒಳಹೋದರೆ ಸಾಲದು, ನೀರೂ ಒಳಹೋಗಬೇಕು. ಶಾಖಕ್ಕೆ ಅವಸರ ಹೆಚ್ಚು. ಅರ್ಧ ಮಿಲಿಮೀಟರ್ ಎಳೆಯ ನಡುಭಾಗವನ್ನು ಅದು ಒಂದು ಸೆಕೆಂಡಿನೊಳಗೇ ಮುಟ್ಟುತ್ತದೆ. ನೀರಿನ ಅಣುಗಳು ಮಾತ್ರ ಪಿಷ್ಟ ಮತ್ತು ಪ್ರೋಟೀನುಗಳ ಸಂದಿಗಳಲ್ಲಿ ಅತ್ತಿತ್ತ ತಡವರಿಸುತ್ತ ನಿಧಾನವಾಗಿ ಸಾಗುತ್ತವೆ. ವಿಸರಣೆ ಎಂದು ಕರೆಯುವ ಈ ನಡಿಗೆಗೆ ತನ್ನದೇ ಲೆಕ್ಕವಿದೆ: ದೂರ ಎರಡರಷ್ಟಾದರೆ ಸಮಯ ನಾಲ್ಕರಷ್ಟಾಗುತ್ತದೆ, ದೂರ ನಾಲ್ಕರಷ್ಟಾದರೆ ಸಮಯ ಹದಿನಾರರಷ್ಟು. ಸ್ಪಗೆಟ್ಟಿಯ ದಪ್ಪ ಸುಮಾರು 2 ಮಿಲಿಮೀಟರ್, ಮಕ್ಕೆರೊಂಚೀನಿಯದು ಸುಮಾರು 0.5. ನಾಲ್ಕು ಪಟ್ಟು ತೆಳುವಾಗಿರುವುದರಿಂದ ಹತ್ತು ನಿಮಿಷವನ್ನು ಹದಿನಾರರಿಂದ ಭಾಗಿಸಬೇಕು. ಸಿಗುವುದು 40 ಸೆಕೆಂಡಿಗೂ ಕಡಿಮೆ. ಚಪ್ಪಟೆ ಎಳೆಗೆ ನೀರು ನುಗ್ಗುವುದು ಮುಖ್ಯವಾಗಿ ಎರಡೇ ಬದಿಗಳಿಂದ, ಸುತ್ತಲಿಂದಲ್ಲ. ಹಾಗಾಗಿ ಅದು ದುಂಡನೆಯ ಎಳೆಗಿಂತ ತುಸು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅದನ್ನೂ ಸೇರಿಸಿಕೊಂಡರೆ ಉತ್ತರ ಒಂದು ನಿಮಿಷದ ಹತ್ತಿರಕ್ಕೇ ಬರುತ್ತದೆ. ಗಡಿಯಾರವನ್ನೇ ನೋಡದೆ ತಲೆಮಾರುಗಳಿಂದ ಹಿಟ್ಟು ಲಟ್ಟಿಸಿದ ಹೆಂಗಸರ ಕೈಯಳತೆಯೂ ಭೌತವಿಜ್ಞಾನದ ಸೂತ್ರವೂ ಹೀಗೆ ಒಂದೇ ಕಡೆ ಬಂದು ಸೇರುವುದನ್ನು ಕಂಡಾಗ ನನಗೆ ನಿಜವಾದ ಸಂತೋಷವಾಗುತ್ತದೆ.

ಆದರೆ ಈ ವರಕ್ಕೆ ಬೆಲೆಯೂ ಇದೆ. ಸ್ಪಗೆಟ್ಟಿ ಒಂದು ನಿಮಿಷ ಹೆಚ್ಚು ಬೆಂದರೆ ಹತ್ತನೇ ಒಂದು ಪಾಲಿನ ತಪ್ಪು, ಯಾರೂ ಗಮನಿಸಲಾರರು. ಮಕ್ಕೆರೊಂಚೀನಿ ಒಂದು ನಿಮಿಷ ಹೆಚ್ಚು ಬೆಂದರೆ ಎರಡರಷ್ಟು ಬೆಂದಂತೆ. ಹಿಟ್ಟು ಮತ್ತು ನೀರಿನಿಂದಷ್ಟೇ ಮಾಡಿದ ಇಷ್ಟು ತೆಳುವಾದ ಎಳೆ ಆ ಹೊತ್ತಿಗೆ ಸುಲಭವಾಗಿ ಮುದ್ದೆಯಾಗಿಬಿಡುತ್ತದೆ.

ಅದನ್ನು ಕಾಪಾಡುವುದು ಮೊಟ್ಟೆ. ಕಾಂಪೊಫಿಲೋನೆಯ ಕಣಕಕ್ಕೆ ಒಂದು ತೊಟ್ಟು ನೀರೂ ಬೀಳುವುದಿಲ್ಲ. ಒಂದು ಕಿಲೋ ಹಿಟ್ಟಿಗೆ 7ರಿಂದ 10 ಮೊಟ್ಟೆ, ಅಷ್ಟೇ. ಇಟಲಿಯ ಕಾನೂನಿನ ಪ್ರಕಾರ ಮೊಟ್ಟೆ ಪಾಸ್ತಾ ಎಂದು ಕರೆಸಿಕೊಳ್ಳಲು ಕಿಲೋಗೆ 4 ಮೊಟ್ಟೆ ಸಾಕು. ಇಲ್ಲಿ ಅದರ ಎರಡು ಪಟ್ಟಿನವರೆಗೆ ಮತ್ತು ಅದನ್ನೂ ಮೀರಿ ಬೀಳುತ್ತದೆ. ನೀರಿಲ್ಲದೆ ಹಿಟ್ಟು ಕಲಸುವುದು ಹೇಗೆ ಎನ್ನಬೇಡಿ. ಮೊಟ್ಟೆಯ ಮುಕ್ಕಾಲು ಭಾಗ ನೀರೇ. ಸಿಪ್ಪೆ ಬಿಟ್ಟು ಒಂದೊಂದು 50 ಗ್ರಾಂ ಎಂದುಕೊಂಡರೆ ಹತ್ತು ಮೊಟ್ಟೆಗಳಿಂದ 375 ಗ್ರಾಂ ನೀರು ಸಿಗುತ್ತದೆ. ಗಟ್ಟಿ ಕಣಕಕ್ಕೆ ಅದು ಧಾರಾಳ. ಜೊತೆಗೆ 60 ಗ್ರಾಂನಷ್ಟು ಪ್ರೋಟೀನೂ ಬರುತ್ತದೆ. ಹಿಟ್ಟಿನಲ್ಲಿ ಮೊದಲೇ ಇರುವ 100-120 ಗ್ರಾಂ ಪ್ರೋಟೀನಿಗೆ ಹೋಲಿಸಿದರೆ ಇದು ಸಣ್ಣ ಸೇರ್ಪಡೆಯಲ್ಲ.

ಗೋಧಿಯ ಪಿಷ್ಟದ ಕಣಗಳು ನೀರು ಸಿಕ್ಕಿ 60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಬಂದಾಗ ಊದಿಕೊಳ್ಳುತ್ತವೆ. ಕಟ್ಟು ಸಡಿಲವಿದ್ದರೆ ಅವು ಒಡೆದು ಪಿಷ್ಟ ನೀರಿಗೆ ಸೋರುತ್ತದೆ, ಎಳೆಯ ಮೈ ಅಂಟಂಟಾಗುತ್ತದೆ. ಮೊಟ್ಟೆಯ ಪ್ರೋಟೀನುಗಳು ಗಟ್ಟಿಯಾಗುವುದೂ 60ರಿಂದ 85 ಡಿಗ್ರಿಯ ನಡುವೆಯೇ. ಎಂದರೆ ಪಿಷ್ಟ ಉಬ್ಬಲು ಹೊರಡುವ ಹೊತ್ತಿಗೆ, ಅದೇ ಜಾಗದಲ್ಲಿ, ಮೊಟ್ಟೆ ತನ್ನ ಬಲೆಯನ್ನು ಬಿಗಿಯುತ್ತಿರುತ್ತದೆ. ಗೋಧಿಯ ಪ್ರೋಟೀನಾದ ಗ್ಲುಟೆನ್ ಹೆಣೆದ ಬಲೆಗೆ ಈ ಎರಡನೆಯ ಬಲೆ ಸೇರಿ ಕಣಗಳನ್ನು ಒಳಗೇ ಹಿಡಿದಿಡುತ್ತದೆ. ಹಳದಿ ಭಾಗದ ಕೊಬ್ಬು ಮತ್ತು ಲೆಸಿಥಿನ್ ಕಣಕವನ್ನು ಮೆದುಗೊಳಿಸುವುದರಿಂದ ಅಷ್ಟು ತೆಳ್ಳಗೆ ಲಟ್ಟಿಸಿದರೂ ಹಾಳೆ ಹರಿಯುವುದಿಲ್ಲ. ಎಳೆಗೆ ಬರುವ ಹೊನ್ನಿನ ಬಣ್ಣವೂ ಮೊಟ್ಟೆಯದೇ: ಲೂಟೀನ್ ಮತ್ತು ಝಿಯಾಜಾಂಥಿನ್ ಎಂಬ ವರ್ಣಕಗಳು. ಕೋಳಿ ಇವನ್ನು ತಾನೇ ತಯಾರಿಸಲಾರದು. ತಿಂದ ಮೆಕ್ಕೆಜೋಳ, ಹಸಿರು ಮೇವುಗಳಿಂದ ಪಡೆಯುತ್ತದೆ.

ಇನ್ನು ಒಣಗಿಸುವ ಕೆಲಸ. ದೊಡ್ಡ ಕಾರ್ಖಾನೆಗಳು 70-80 ಡಿಗ್ರಿ ದಾಟಿದ ಬಿಸಿಯಲ್ಲಿ ಕೆಲವೇ ಗಂಟೆಗಳಲ್ಲಿ ಪಾಸ್ತಾ ಒಣಗಿಸಿಬಿಡುತ್ತವೆ. ಕಾಂಪೊಫಿಲೋನೆಯ ನಿಯಮ ಹೇಳುವುದು 28ರಿಂದ 36 ಡಿಗ್ರಿ, ಒಂದು ದಿನಕ್ಕೂ ಮೀರಿದ ಹೊತ್ತು. ಹೆಚ್ಚು ಬಿಸಿಯಲ್ಲಿ ಸಕ್ಕರೆ ಮತ್ತು ಪ್ರೋಟೀನುಗಳ ನಡುವೆ ಮೈಯಾರ್ ಕ್ರಿಯೆ ನಡೆಯುತ್ತದೆ. ಬ್ರೆಡ್ಡಿನ ಮೇಲ್ಪದರ ಕೆಂಪಗಾಗುವುದೂ ಇದರಿಂದಲೇ. ಪಾಸ್ತಾದಲ್ಲಿ ಅದು ರುಚಿಯನ್ನು ಬದಲಿಸುತ್ತದೆ, ಲೈಸೀನ್ ಎಂಬ ಅಮೈನೊ ಆಮ್ಲದ ಒಂದಿಷ್ಟು ಭಾಗವನ್ನೂ ಕಳೆಯುತ್ತದೆ. ಗೋಧಿಯಲ್ಲಿ ಲೈಸೀನ್ ಮೊದಲೇ ಕಡಿಮೆ, ಮೊಟ್ಟೆಯಿಂದ ಬಂದದ್ದನ್ನು ಒಣಗಿಸುವಾಗ ಕಳೆದುಕೊಳ್ಳುವುದು ನಷ್ಟದ ಮಾತೇ. ಅವಸರದಿಂದ ಇನ್ನೊಂದು ತೊಂದರೆಯಿದೆ. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಆ ಎಳೆದಾಟದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೂಡಿ, ಬೇಯಿಸುವಾಗ ಎಳೆ ತುಂಡಾಗುತ್ತದೆ. ತೇವಾಂಶ 12.5 ಶೇಕಡಾಕ್ಕಿಂತ ಕೆಳಗಿಳಿದರೆ ಸೂಕ್ಷ್ಮಜೀವಿಗಳು ಬೆಳೆಯಲಾರವು. ಸಾಯುವುದಿಲ್ಲ, ಬೆಳೆಯುವುದಿಲ್ಲ ಅಷ್ಟೇ. ಉಳಿದ ಕೆಲಸ ಕುದಿನೀರಿನದು.

ಉತ್ತರ ಕರ್ನಾಟಕದಲ್ಲಿ ಬೇಸಿಗೆಯ ದಿನಗಳಲ್ಲಿ ಮಣೆಯ ಮೇಲೆ ಶ್ಯಾವಿಗೆ ಹೊಸೆದು ಕೋಲಿಗೆ ತೂಗಿಹಾಕುವವರಿಗೆ ಈ ಎಚ್ಚರವೆಲ್ಲ ಹೊಸದೇನಲ್ಲ. ಗೋಧಿಯಲ್ಲೂ ನಂಟಿದೆ. ಶ್ಯಾವಿಗೆಗೆ ಹೇಳಿಮಾಡಿಸಿದಂಥ ಸದಕ, ಅಂದರೆ ಜವೆಗೋಧಿ, ಇಟಲಿಯ ಪಾಸ್ತಾಕ್ಕೆ ಬಳಸುವ ಡ್ಯೂರಮ್ ಗೋಧಿಯ ಹತ್ತಿರದ ಬಂಧು. ಎರಡೂ ಜೀವಕೋಶದಲ್ಲಿ ವರ್ಣತಂತುಗಳ ನಾಲ್ಕು ಗುಚ್ಛಗಳಿರುವ ಗುಂಪಿಗೆ ಸೇರಿವೆ, ಚಪಾತಿ ಗೋಧಿಯಲ್ಲಿ ಆರು ಗುಚ್ಛಗಳಿವೆ. ಮೊಟ್ಟೆಯ ಆಸರೆಯೇ ಇಲ್ಲದೆ ನಮ್ಮ ಶ್ಯಾವಿಗೆ ಪಾಯಸದಲ್ಲಿ ಕರಗದೆ ನಿಲ್ಲುವುದಕ್ಕೆ ಆ ಗೋಧಿಯ ಗುಣವೂ ಕಾರಣ.

ಹಬ್ಬದ ತಟ್ಟೆಯಲ್ಲಿ ಮಕ್ಕೆರೊಂಚೀನಿಯ ಜೊತೆಗಾರ ಮಾಂಸ ಮತ್ತು ಟೊಮೇಟೊ ಹಾಕಿ ಬಹಳ ಹೊತ್ತು ಕುದಿಸಿದ ರಾಗು. ಇಲ್ಲೂ ತೆಳುತನದ ಕೈವಾಡವಿದೆ. ಒಂದೇ ತೂಕದ ಸ್ಪಗೆಟ್ಟಿಗೆ ಹೋಲಿಸಿದರೆ ಈ ಎಳೆಗಳ ಹೊರಮೈ ಸುಮಾರು ಮೂರು ಪಟ್ಟು. ರಾಗು ಹಿಡಿದುಕೊಳ್ಳಲು ಅಷ್ಟು ಹೆಚ್ಚು ಜಾಗ. ಅದೇ ಕಾರಣಕ್ಕೆ ಎಳೆಗಳು ರಸವನ್ನು ಬೇಗನೆ ಹೀರಿಬಿಡುತ್ತವೆ, ಹಾಗಾಗಿ ರಾಗು ಸ್ವಲ್ಪ ತೆಳುವಾಗಿಯೇ ಇರಬೇಕು. ಕುದಿಯುವ ನೀರನ್ನೇ ಬಿಟ್ಟು, ಒಣ ಎಳೆಗಳನ್ನು ನೇರವಾಗಿ ಬಿಸಿ ರಾಗುವಿಗೆ ಹಾಕಿ ಬೇಯಿಸುವ ಪದ್ಧತಿಯೂ ಅಲ್ಲಿದೆ. ಆಗ ಎಳೆಯ ಒಳಗೆ ಹೋಗುವ ನೀರೆಲ್ಲ ಟೊಮೇಟೊ ಮತ್ತು ಮಾಂಸದ ರಸದ್ದೇ.