ಆಗದೇ ಹೋದ ಆರು ಕೊಲೆ

2013ರ ಏಪ್ರಿಲ್ 1. ಸಿಲ್ಕ್ ರೋಡ್ ಅನ್ನೋ ಇಂಟರ್‌ನೆಟ್ ಡ್ರಗ್ಸ್ ಸಂತೆ ನಡೆಸುತ್ತಿದ್ದ ಅಮೆರಿಕದ ರಾಸ್ ಉಲ್‌ಬ್ರಿಕ್ಟ್ ತನ್ನ ಲ್ಯಾಪ್‌ಟಾಪಿನ ದಿನಚರಿ ಫೈಲಿನಲ್ಲಿ ಆ ದಿನದ ಕೆಲಸಗಳನ್ನು ಬರೆದಿಟ್ಟ. ಬ್ಲ್ಯಾಕ್‌ಮೇಲ್ ಮಾಡುತ್ತಿದ್ದವನನ್ನು ಮುಗಿಸಿದರು ಅಂತ ಸುದ್ದಿ ಬಂತು. ಫೈಲ್ ಅಪ್‌ಲೋಡ್ ಸ್ಕ್ರಿಪ್ಟ್ ಮಾಡಿದ್ದಾಯಿತು. ಮೂರು ತಿಂಗಳು ದಾಟಿದ ಠೇವಣಿ ವಾಪಸ್ಸಿನ ತಕರಾರು ಸರಿಮಾಡಲು ಶುರು. ಇಷ್ಟೇ. ಕೊಲೆ ಒಂದು ಸಾಲು, ಮಿಕ್ಕ ಕೆಲಸ ಎರಡು ಸಾಲು.

ಕ್ರಿಮಿನಲ್ ವಕೀಲನಾಗಿ ಚಾರ್ಜ್‌ಶೀಟ್ ಓದೋದು ನನ್ನ ದಿನದ ಕೆಲಸ. ಆರೋಪಿ ತನ್ನ ವಿರುದ್ಧ ತಾನೇ ತಾರೀಖು ಹಾಕಿ ಸಾಕ್ಷಿ ಬರೆದಿಡುವುದು ಅಪರೂಪ. ಇನ್ನೂ ಅಪರೂಪದ ಸಂಗತಿ ಅಂದರೆ, ಆ ಕೊಲೆ ಆಗಿರಲೇ ಇಲ್ಲ. ಅದಕ್ಕೂ ಮುಂಚೆ ಅವನು ದುಡ್ಡು ಕೊಟ್ಟಿದ್ದ ಇನ್ನೊಂದೂ ಆಗಿರಲಿಲ್ಲ. ಆಮೇಲೆ ಹೇಳಿದ ನಾಲ್ಕೂ ಆಗಲಿಲ್ಲ. ಒಟ್ಟು ಆರು ಸುಪಾರಿ, ಸುಮಾರು 7,30,000 ಡಾಲರ್, ಒಂದೇ ಒಂದು ಹೆಣ ಇಲ್ಲ.

ಸಿಲ್ಕ್ ರೋಡ್ ಕೇಸಿನ ಮಾತು ಬಂದರೆ ಹುಡುಗರು ಮೊದಲು ಕೇಳೋದು, "ಸಾರ್, ಟಾರ್ ಒಡೆದದ್ದು ಹೇಗೆ?" ಅಂತ. ಟಾರ್ ಅಂದರೆ ಇಂಟರ್‌ನೆಟ್ಟಿನಲ್ಲಿ ಗುರುತು ಮುಚ್ಚಿಡುವ ಜಾಲ. ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ತಲೆಯಲ್ಲಿ ಕೂತಿರೋದು ಈ ಆರು ಕೊಲೆ. ವಿಚಾರಣೆಯಲ್ಲಿ ಇವುಗಳ ಮೇಲೆ ಒಂದು ಚಾರ್ಜೂ ಇರಲಿಲ್ಲ. ಶಿಕ್ಷೆ ಕೊಡುವ ದಿನ ಮಾತ್ರ ಇವು ಕೋರ್ಟಿನಲ್ಲಿ ಎದ್ದು ನಿಂತವು.

ಸಿಲ್ಕ್ ರೋಡ್ 2011ರ ಶುರುವಿನಲ್ಲಿ ತೆರೆದ ಕಳ್ಳಸಂತೆ. ಯಾರು ಎಲ್ಲಿಂದ ಬಂದರು ಅಂತ ತಿಳಿಯದಂತೆ ಟಾರ್, ದುಡ್ಡಿಗೆ ಬಿಟ್‌ಕಾಯಿನ್, ಸಾಮಾನು ಮನೆಗೆ ತಲುಪಿಸೋಕೆ ಮಾಮೂಲಿ ಅಂಚೆ. ಮಾಲು ಕೈ ಸೇರುವ ತನಕ ಗಿರಾಕಿಯ ದುಡ್ಡು ಸೈಟಿನ ಹತ್ತಿರವೇ ಇರುತ್ತಿತ್ತು. ಮಾರುವವರಿಗೆ ಗಿರಾಕಿಗಳು ಸ್ಟಾರ್ ಕೊಡುತ್ತಿದ್ದರು. ಪ್ರತಿ ವ್ಯಾಪಾರದಲ್ಲೂ ಕಮಿಷನ್. ಮಾಲು ಮಾತ್ರ ಹೆಚ್ಚಾಗಿ ಗಾಂಜಾ, ಕೊಕೇನ್, ಹೆರಾಯಿನ್. ಎರಡೂಮುಕ್ಕಾಲು ವರ್ಷದ ವ್ಯಾಪಾರ 18 ಕೋಟಿ ಡಾಲರ್ ದಾಟಿತ್ತು ಅಂತ ಕೋರ್ಟು ಲೆಕ್ಕ ಹಾಕಿತು. ನಡೆಸುತ್ತಿದ್ದವನು ಡ್ರೆಡ್ ಪೈರೇಟ್ ರಾಬರ್ಟ್ಸ್ ಅನ್ನೋ ಹೆಸರಿನ ಹಿಂದೆ ಕೂತಿದ್ದ ಉಲ್‌ಬ್ರಿಕ್ಟ್. ಟೆಕ್ಸಸ್‌ನವನು, ಫಿಸಿಕ್ಸ್ ಓದಿದವನು, ಬಂಧನವಾದಾಗ 29 ವರ್ಷ.

ಇನ್ನು ಮೊದಲನೇ ಸುಪಾರಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

2013ರ ಜನವರಿಯಲ್ಲಿ ಯೂಟಾ ರಾಜ್ಯದಲ್ಲಿ ಸಿಲ್ಕ್ ರೋಡಿನ ಒಬ್ಬ ನೌಕರ ಸಿಕ್ಕಿಬಿದ್ದ. ಮನೆಗೆ ಬಂದ ಪಾರ್ಸಲ್ಲಿನಲ್ಲಿ ಒಂದು ಕಿಲೋ ಕೊಕೇನ್ ಇತ್ತು. ಪಾರ್ಸಲ್ಲಿನ ಹಿಂದೆ ಇದ್ದವನು 'ನಾಬ್'. ತಾನು ದೊಡ್ಡ ಡ್ರಗ್ಸ್ ವ್ಯಾಪಾರಿ ಅಂತ ಹೇಳಿಕೊಂಡು ಉಲ್‌ಬ್ರಿಕ್ಟ್‌ನ ಸ್ನೇಹ ಬೆಳೆಸಿದ್ದ ಈ ನಾಬ್ ನಿಜಕ್ಕೂ ಕಾರ್ಲ್ ಫೋರ್ಸ್, ಅಮೆರಿಕದ ಡ್ರಗ್ಸ್ ನಿಗ್ರಹ ಸಂಸ್ಥೆ ಡಿಇಎಯ ಬಾಲ್ಟಿಮೋರ್ ಅಧಿಕಾರಿ. ನೌಕರ ಬಾಯಿ ಬಿಟ್ಟ. ತನ್ನ ಅಡ್ಮಿನ್ ಪಾಸ್‌ವರ್ಡ್ ಕೂಡ ಅಧಿಕಾರಿಗಳ ಕೈಗೆ ಕೊಟ್ಟ. ಅದೇ ತಂಡದಲ್ಲಿ ಸೀಕ್ರೆಟ್ ಸರ್ವಿಸ್‌ನ ಶಾನ್ ಬ್ರಿಡ್ಜಸ್ ಇದ್ದ. ಅವನು ಆ ಪಾಸ್‌ವರ್ಡ್ ಬಳಸಿ ಸೈಟಿನಿಂದ ಸುಮಾರು 20,000 ಬಿಟ್‌ಕಾಯಿನ್ ತನ್ನ ಜೇಬಿಗೆ ಹಾಕಿಕೊಂಡ. ಆಗಿನ ಬೆಲೆಗೆ ಸುಮಾರು ಮೂರೂವರೆ ಲಕ್ಷ ಡಾಲರ್.

ಉಲ್‌ಬ್ರಿಕ್ಟ್‌ಗೆ ಕಂಡದ್ದು ಇಷ್ಟು: ನೌಕರ ನಾಪತ್ತೆ, ದುಡ್ಡೂ ನಾಪತ್ತೆ, ಕದ್ದದ್ದು ನೌಕರನ ಖಾತೆಯಿಂದಲೇ. ನಾಬ್‌ನ ಹತ್ತಿರ ಹೋದ. ನಾಲ್ಕು ಬಾರಿಸಿ ದುಡ್ಡು ವಾಪಸ್ ಕಕ್ಕಿಸು ಅಂದ. ಆಮೇಲೆ ಮನಸ್ಸು ಬದಲಾಯಿಸಿದ. ಮುಗಿಸಿಯೇ ಬಿಡು ಅಂದ. ಮಾತಾಗಿದ್ದು 80,000 ಡಾಲರ್‌ಗೆ, ಅರ್ಧ ಮುಂಗಡ, ಅರ್ಧ ಕೆಲಸ ಆದಮೇಲೆ. ಅಧಿಕಾರಿಗಳು ಆ ನೌಕರನನ್ನೇ ಕೂರಿಸಿಕೊಂಡು ಚಿತ್ರಹಿಂಸೆಯ ನಾಟಕ ಆಡಿದರು, ಮುಖಕ್ಕೆ ಡಬ್ಬಿ ಸೂಪು ಬಳಿದು ಸತ್ತವನಂತೆ ಫೋಟೊ ತೆಗೆದರು. ಫೋಟೊ ತಲುಪಿತು, ಬಾಕಿ ದುಡ್ಡು ಬಂತು.

ಈಗ ನೋಡಿ. ಕದ್ದವನು ಪೊಲೀಸ್. ಕದ್ದ ಅಪವಾದ ಹೊತ್ತವನು ಸಾಕ್ಷಿ. ಕೊಲ್ಲಲು ಒಪ್ಪಿಕೊಂಡವನೂ ಪೊಲೀಸ್. ಇಂಥ ಕೇಸಿನಲ್ಲಿ ನಾನು ಆರೋಪಿ ಪರ ನಿಂತಿದ್ದರೆ ಕ್ರಾಸ್ ಎಕ್ಸಾಮಿನೇಷನ್ ಬರೆದುಕೊಳ್ಳೋಕೆ ಒಂದು ನೋಟ್‌ಬುಕ್ ಸಾಲುತ್ತಿರಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಪೊಲೀಸರು ಕದ್ದದ್ದರಿಂದ ಕೊಲ್ಲು ಅಂದವನ ಮಾತು ಸುಳ್ಳಾಗುವುದಿಲ್ಲ.

ಎರಡು ತಿಂಗಳಲ್ಲಿ ಇನ್ನೊಂದು ಬಂತು. ಸಾವಿರಾರು ಗಿರಾಕಿಗಳ ಹೆಸರು, ವಿಳಾಸ ನನ್ನ ಹತ್ತಿರ ಇದೆ, ಐದು ಲಕ್ಷ ಡಾಲರ್ ಕೊಡದಿದ್ದರೆ ಬಯಲು ಮಾಡುತ್ತೇನೆ ಅಂತ ಒಬ್ಬ ಬೆದರಿಸಿದ. ಆಮೇಲೆ ಹೆಲ್ಸ್ ಏಂಜಲ್ಸ್ ಗ್ಯಾಂಗಿನವನು ಅಂತ ಹೇಳಿಕೊಂಡ ಇನ್ನೊಬ್ಬ ಬಂದ. ಬೆದರಿಸಿದವನು ಕೆನಡಾದ ವೈಟ್ ರಾಕ್‌ನವನು, ಬೇಕಾದರೆ ಮುಗಿಸಿಕೊಡುತ್ತೇನೆ ಅಂದ. ಒಂದೂವರೆ ಲಕ್ಷದಿಂದ ಮೂರು ಲಕ್ಷ ಆಗುತ್ತದೆ ಅಂದ. ಉಲ್‌ಬ್ರಿಕ್ಟ್ ಚೌಕಾಸಿಗೆ ಇಳಿದ. ರೇಟು ಜಾಸ್ತಿ ಆಯಿತು, ಮೊನ್ನೆ ಮೊನ್ನೆ 80,000ಕ್ಕೆ ನೀಟಾಗಿ ಒಂದು ಕೆಲಸ ಮಾಡಿಸಿದ್ದೇನೆ ಅಂತ ಬರೆದ. ಆ ನೀಟಾದ ಕೆಲಸ ಅಂದರೆ ಸೂಪು ಬಳಿದ ಫೋಟೊ. ಕೊನೆಗೆ 1,670 ಬಿಟ್‌ಕಾಯಿನ್‌ಗೆ ವ್ಯಾಪಾರ ಕುದುರಿತು. ಕೆಲವೇ ದಿನದಲ್ಲಿ ಇನ್ನೂ ನಾಲ್ವರ ಮೇಲೆ 3,000 ಬಿಟ್‌ಕಾಯಿನ್ ಹೋಯಿತು. ಕೆನಡಾ ಪೊಲೀಸರು ಹುಡುಕಿದರೆ ಆ ಊರಲ್ಲಿ ಅಂಥ ಕೊಲೆಯೇ ದಾಖಲಾಗಿಲ್ಲ. ಸುಮ್ನೆ ಮೋಸ. ಬೆದರಿಸಿದವನೂ ಬಿಡಿಸಿದವನೂ ಒಂದೇ ಗುಂಪು ಅಂತ ನನಗೆ ಅನ್ನಿಸುತ್ತದೆ.

ಸೈಟು ಮುಚ್ಚಿದ್ದು ಹೇಗೆ ಅನ್ನೋದಕ್ಕೆ ಬರುತ್ತೇನೆ. ಐಸ್‌ಲ್ಯಾಂಡಿನಲ್ಲಿದ್ದ ಸರ್ವರ್ ಎಫ್‌ಬಿಐಗೆ ಸಿಕ್ಕಿತು. ಲಾಗಿನ್ ಪುಟದ ಸೆಟ್ಟಿಂಗ್ ತಪ್ಪಿ ನಿಜವಾದ ವಿಳಾಸ ಸೋರಿತ್ತು ಅಂತ ಅವರು ಹೇಳಿದರು. ಅದನ್ನು ನಂಬದ ತಜ್ಞರು ಬಹಳ ಜನ, ನಾನೂ ಅವರ ಕಡೆಯೇ. ಆದರೆ ಹೆಸರು ಸಿಕ್ಕಿದ್ದು ಸರ್ವರಿನಿಂದಲ್ಲ. ತೆರಿಗೆ ಇಲಾಖೆಯ ಗ್ಯಾರಿ ಆಲ್ಫರ್ಡ್ ಅನ್ನೋ ಅಧಿಕಾರಿ ಕೂತಲ್ಲೇ ಗೂಗಲ್ ಮಾಡಿದ. ಸಿಲ್ಕ್ ರೋಡ್ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಮೊದಲು ಬರೆದವರು ಯಾರು ಅಂತ ತಾರೀಖು ಹಿಡಿದು ಹುಡುಕಿದ. 2011ರ ಜನವರಿಯಲ್ಲಿ 'ಆಲ್ಟಾಯ್ಡ್' ಅನ್ನೋ ಹೆಸರಿನವನು, ಹೀಗೊಂದು ಸೈಟ್ ಕಣ್ಣಿಗೆ ಬಿತ್ತು, ಯಾರಾದರೂ ನೋಡಿದ್ದೀರಾ ಅಂತ ಏನೂ ಗೊತ್ತಿಲ್ಲದವನ ಹಾಗೆ ಕೇಳಿದ್ದ. ಅದೇ ಹೆಸರಿನವನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೆಲಸಕ್ಕೆ ಜನ ಬೇಕು ಅಂತ ಹಾಕಿ, ಸಂಪರ್ಕಕ್ಕೆ ತನ್ನ ಪೂರ್ತಿ ಹೆಸರಿನ ಜಿಮೇಲ್ ಐಡಿ ಕೊಟ್ಟಿದ್ದ.

2013ರ ಅಕ್ಟೋಬರ್ 1ರ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೋದ ಗ್ಲೆನ್ ಪಾರ್ಕ್ ಲೈಬ್ರರಿ. ಉಲ್‌ಬ್ರಿಕ್ಟ್ ಲ್ಯಾಪ್‌ಟಾಪ್ ತೆರೆದು ಕೂತ. ಸೈಟಿನ ನೌಕರನ ವೇಷದಲ್ಲಿ ಒಳಗೆ ಸೇರಿದ್ದ ಒಬ್ಬ ಅಧಿಕಾರಿ ಹೊರಗಿನಿಂದ ಚಾಟ್ ಮಾಡಿ, ಒಂದು ದೂರು ನೋಡು ಅಂತ ಅವನನ್ನು ಅಡ್ಮಿನ್ ಪುಟಕ್ಕೆ ಲಾಗಿನ್ ಮಾಡಿಸಿದ. ಆಗ ಬೆನ್ನ ಹಿಂದೆ ಒಂದು ಗಂಡು ಹೆಣ್ಣಿನ ಜೋಡಿ ಜಗಳ ತೆಗೆಯಿತು. ಅವನು ತಿರುಗಿ ನೋಡಿದ. ಅಷ್ಟರಲ್ಲಿ ಲ್ಯಾಪ್‌ಟಾಪ್ ಮೇಜಿನಿಂದ ಜಾರಿ ಎಫ್‌ಬಿಐ ಕೈ ಸೇರಿತ್ತು, ತೆರೆದ ಸ್ಥಿತಿಯಲ್ಲೇ. ಮುಚ್ಚಳ ಮುಚ್ಚಿದ್ದರೆ ಎನ್‌ಕ್ರಿಪ್ಷನ್ನಿನ ಬೀಗ ಬೀಳುತ್ತಿತ್ತು, ಪಾಸ್‌ವರ್ಡ್ ಇಲ್ಲದೆ ಓದಲಾಗುತ್ತಿರಲಿಲ್ಲ. ದಿನಚರಿ, ಚಾಟ್, ಲೆಕ್ಕದ ಶೀಟು, 1,44,000 ಬಿಟ್‌ಕಾಯಿನ್, ಎಲ್ಲವೂ ಒಳಗೇ ಉಳಿಯುತ್ತಿತ್ತು.

ನಮ್ಮಲ್ಲಿ ಇದೇ ದೊಡ್ಡ ತಲೆನೋವು. ದಾಳಿಗೆ ಹೋದವರು ಮೊದಲು ಮಾಡೋದು ಲ್ಯಾಪ್‌ಟಾಪ್ ಆಫ್ ಮಾಡಿ, ಬಟ್ಟೆಯಲ್ಲಿ ಸುತ್ತಿ, ಅರಗು ಹಾಕಿ ಮಹಜರು ಬರೆಯೋದು. ಆಮೇಲೆ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಹೋಗಿ ತಿಂಗಳುಗಟ್ಟಲೆ ಕಾದರೆ ಪಾಸ್‌ವರ್ಡ್ ಇಲ್ಲ ಅನ್ನೋ ವರದಿ ಬರುತ್ತದೆ. ಆರೋಪಿ ಪರ ವಕೀಲನಾಗಿ ನನಗೇನೂ ಬೇಜಾರಿಲ್ಲ ಬಿಡಿ. 2024ರ ಜುಲೈನಿಂದ ಶೋಧ, ಜಪ್ತಿಯ ವಿಡಿಯೊ ಕಡ್ಡಾಯ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಹ್ಯಾಶ್ ವ್ಯಾಲ್ಯೂ (ಫೈಲು ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಇರುವ ಪ್ರಮಾಣಪತ್ರವೂ ಬೇಕು. ತೆರೆದ ಲ್ಯಾಪ್‌ಟಾಪನ್ನು ತೆರೆದಂತೆಯೇ ಹಿಡಿಯುವ ಜಾಣತನ ಮಾತ್ರ ಯಾವ ಕಲಮ್ಮಿನಲ್ಲೂ ಸಿಗುವುದಿಲ್ಲ.

ಕೇಸು ಎರಡು ಕಡೆ ಬಿತ್ತು. ಯೂಟಾದ ನೌಕರನ ಸುಪಾರಿ ಮೇರಿಲ್ಯಾಂಡ್ ಕೋರ್ಟಿನಲ್ಲಿ. ಡ್ರಗ್ಸ್, ಹ್ಯಾಕಿಂಗ್, ಅಕ್ರಮ ಹಣ ವರ್ಗಾವಣೆ ಎಲ್ಲ ನ್ಯೂಯಾರ್ಕಿನಲ್ಲಿ. ಮೇರಿಲ್ಯಾಂಡ್ ಕೇಸು ಅಲ್ಲೇ ಕೂತಿತು. ನ್ಯೂಯಾರ್ಕ್ ವಿಚಾರಣೆ 2015ರ ಜನವರಿಯಲ್ಲಿ ಶುರುವಾಗಿ ಫೆಬ್ರವರಿ 4ಕ್ಕೆ ಮುಗಿಯಿತು. ಜ್ಯೂರಿಗೆ ಅರ್ಧ ದಿನವೂ ಬೇಕಾಗಲಿಲ್ಲ, ಏಳಕ್ಕೆ ಏಳೂ ಚಾರ್ಜು ಸಾಬೀತು. ಆ ಏಳರಲ್ಲಿ ಸುಪಾರಿ ಇರಲಿಲ್ಲ. ಕೆನಡಾದ ಚಾಟುಗಳನ್ನು ಜ್ಯೂರಿ ನೋಡಿತ್ತು, ಆದರೆ ಅದಕ್ಕೆ ಹೌದು, ಇಲ್ಲ ಅಂತ ಉತ್ತರ ಕೊಡಿ ಅಂತ ಯಾರೂ ಕೇಳಲಿಲ್ಲ. ಫೋರ್ಸ್‌ನ ಮೇಲೆ ಗುಟ್ಟಾಗಿ ತನಿಖೆ ನಡೆಯುತ್ತಿದ್ದದ್ದು ಜ್ಯೂರಿಗೆ ಗೊತ್ತೇ ಆಗಲಿಲ್ಲ. ತೀರ್ಪು ಬಂದು ಮುಂದಿನ ತಿಂಗಳು ಅವನೂ ಬ್ರಿಡ್ಜಸ್ಸೂ ಆರೋಪಿಗಳಾದರು.

ಮೇ 29ಕ್ಕೆ ನ್ಯಾಯಾಧೀಶೆ ಕ್ಯಾಥರೀನ್ ಫಾರೆಸ್ಟ್ ಶಿಕ್ಷೆ ಹೇಳಿದರು. ಪೆರೋಲ್ ಇಲ್ಲದ ಜೀವಾವಧಿ. ಕನಿಷ್ಠ ಶಿಕ್ಷೆ 20 ವರ್ಷ ಇತ್ತು. ಅಲ್ಲಿಂದ ಸಾಯುವವರೆಗೆ ಜೈಲು ಅನ್ನೋ ತನಕ ಏರಲು ಹಿಡಿದ ಕಾರಣಗಳಲ್ಲಿ ಈ ಸುಪಾರಿಗಳು ದೊಡ್ಡವು. ಅಮೆರಿಕದ ಪದ್ಧತಿಯಲ್ಲಿ ತಪ್ಪಿತಸ್ಥ ಅನ್ನಲು ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ ಬೇಕು. ಶಿಕ್ಷೆ ಎಷ್ಟು ಅಂತ ನಿರ್ಧರಿಸುವಾಗ, ಆಗಿರೋ ಸಾಧ್ಯತೆ ಆಗದಿರೋದಕ್ಕಿಂತ ಜಾಸ್ತಿ ಅಂತ ನ್ಯಾಯಾಧೀಶರಿಗೆ ಅನ್ನಿಸಿದರೆ ಸಾಕು. 2017ರಲ್ಲಿ ಮೇಲ್ಮನವಿ ಕೋರ್ಟೂ, ಈ ಕೇಸನ್ನು ಸಾಮಾನ್ಯ ಡ್ರಗ್ಸ್ ಕೇಸಿನಿಂದ ಬೇರೆ ಮಾಡೋದು ಸುಪಾರಿಯೇ ಅಂತ ಹೇಳಿ ಶಿಕ್ಷೆ ಎತ್ತಿಹಿಡಿಯಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಆ ಚಾಟುಗಳನ್ನು, ದಿನಚರಿಯನ್ನು, ಬಿಟ್‌ಕಾಯಿನ್ ಹೋದ ದಾರಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಅವನು ಸುಪಾರಿ ಕೊಟ್ಟ ಅಂತಲೇ ನಾನೂ ನಂಬುತ್ತೇನೆ. ಆದರೂ ಅದನ್ನು ಚಾರ್ಜ್ ಮಾಡಿ, ಜ್ಯೂರಿಯ ಮುಂದಿಟ್ಟು, ಫೋರ್ಸ್‌ನನ್ನು ಕಟಕಟೆಗೆ ಹತ್ತಿಸಿ ಗೆಲ್ಲಬೇಕಿತ್ತು. ಹಿಂಬಾಗಿಲಿಂದ ತಂದದ್ದು ಸರಿಯಲ್ಲ.

"ಯಾರೂ ಸಾಯಲಿಲ್ಲವಲ್ಲ, ಮತ್ಯಾಕೆ ಇಷ್ಟು ದೊಡ್ಡದು ಮಾಡೋದು?" ಅಂತಲೂ ಕೆಲವರು ಕೇಳುತ್ತಾರೆ. ಅದಕ್ಕೆ ಬೇರೆ ಕಡೆಯ ಒಂದು ಕೇಸು ಹೇಳಬೇಕು. ಟಾರ್‌ನ ಮರೆಯಲ್ಲಿ ನಡೆಯುವ ಡಾರ್ಕ್‌ನೆಟ್ಟಿನಲ್ಲಿ ಬೇಸಾ ಮಾಫಿಯಾ ಅಂತ ಒಂದು ಸುಪಾರಿ ಸೈಟು ಇತ್ತು. ಪೂರ್ತಿ ಬೋಗಸ್, ದುಡ್ಡು ನುಂಗಿ ನೆಪ ಹೇಳುತ್ತಿತ್ತು. 2016ರಲ್ಲಿ ಅದರ ಸಂದೇಶಗಳೆಲ್ಲ ಸೋರಿದವು. ಅಮೆರಿಕದ ಮಿನ್ನೆಸೋಟಾದಲ್ಲಿ ಒಬ್ಬಾಕೆಯನ್ನು ಕೊಲ್ಲಿಸಲು ಯಾರೋ ಬಿಟ್‌ಕಾಯಿನ್ ಕೊಟ್ಟಿದ್ದು ಅದರಲ್ಲಿತ್ತು. ಎಫ್‌ಬಿಐ ಹೋಗಿ ಆಕೆಗೆ ಎಚ್ಚರಿಕೆಯನ್ನೂ ಕೊಟ್ಟಿತು. ಅದೇ ನವೆಂಬರಿನಲ್ಲಿ ಆಕೆ ಸತ್ತಳು. ದುಡ್ಡು ಕೊಟ್ಟಿದ್ದು ಗಂಡ, ಕೊನೆಗೆ ಗುಂಡು ಹಾರಿಸಿದ್ದೂ ಅವನೇ. ಹಂತಕ ಸುಳ್ಳಾದರೂ ಗಿರಾಕಿ ಸುಳ್ಳಲ್ಲ ಅನ್ನೋದು ಸುಪಾರಿ ಕಾನೂನಿನ ಬುಡದಲ್ಲಿರೋ ಲೆಕ್ಕ.

ನಮ್ಮ ಕಾನೂನಿನಲ್ಲೂ ಇದು ಇದೆ. ಕೊಲೆಗೆ ಕುಮ್ಮಕ್ಕು ಕೊಟ್ಟು ಕೊಲೆ ನಡೆಯದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 55ನೇ ಕಲಂ, ಏಳು ವರ್ಷದವರೆಗೆ ಜೈಲು. ಆ ಪ್ರಯತ್ನದಲ್ಲಿ ಗಾಯವಾದರೆ 14 ವರ್ಷದವರೆಗೆ. ಮಾರುವೇಷದ ಪೊಲೀಸನಿಗೇ ಸುಪಾರಿ ಕೊಟ್ಟೆ, ಹಾಗಾಗಿ ಕೇಸಿಲ್ಲ ಅನ್ನೋ ವಾದ ನಡೆಯುವುದು ಕಷ್ಟ. ಆದರೆ ಚಾರ್ಜೇ ಹಾಕದ ಸುಪಾರಿಯನ್ನು ಲೆಕ್ಕ ಹಿಡಿದು ಸೆಷನ್ಸ್ ಜಡ್ಜು ಶಿಕ್ಷೆ ಏರಿಸಿದರೆ, ಅಪೀಲಿನಲ್ಲಿ ನನ್ನ ಮೊದಲ ಪಾಯಿಂಟು ಅದೇ ಆಗಿರುತ್ತದೆ.

ಫೋರ್ಸ್‌ಗೆ ಆರೂವರೆ ವರ್ಷ, ಬ್ರಿಡ್ಜಸ್‌ಗೆ 71 ತಿಂಗಳು ಜೈಲಾಯಿತು. ಬ್ರಿಡ್ಜಸ್ ಸರ್ಕಾರದ ವಶದಲ್ಲಿದ್ದ ಬಿಟ್‌ಕಾಯಿನ್ನನ್ನೂ ಮತ್ತೆ ಕದ್ದು ಇನ್ನೆರಡು ವರ್ಷ ಸೇರಿಸಿಕೊಂಡ. ಬೆಂಗಳೂರಿನವರಿಗೆ ಇದು ತೀರಾ ಹೊಸ ಕತೆಯೇನಲ್ಲ. 2020ರಲ್ಲಿ ಡಾರ್ಕ್‌ನೆಟ್ಟಿನಿಂದ ಡ್ರಗ್ಸ್ ತರಿಸಿದ ಆರೋಪದ ಮೇಲೆ ಸಿಸಿಬಿ ಹಿಡಿದ ಹ್ಯಾಕರ್‌ನ ಬಿಟ್‌ಕಾಯಿನ್ ಕೇಸು ನೆನಪಿರಬಹುದು. 2024ರ ಜನವರಿಯಲ್ಲಿ ಎಸ್‌ಐಟಿ ಬಂಧಿಸಿದ್ದು ಆ ತನಿಖೆ ಮಾಡಿದ್ದ ಒಬ್ಬ ಇನ್ಸ್‌ಪೆಕ್ಟರ್‌ನನ್ನು ಮತ್ತು ಒಬ್ಬ ಸೈಬರ್ ತಜ್ಞನನ್ನು. ಅದಿನ್ನೂ ಆರೋಪದ ಹಂತದ ಮಾತು. ಆದರೆ ಮುಟ್ಟಲಾಗದ, ನಿಮಿಷದಲ್ಲಿ ದೇಶ ದಾಟುವ ಮುದ್ದೆಮಾಲಿಗೆ ಠಾಣೆಯ ಬೀಗ ಸಾಲದು ಅನ್ನೋದಕ್ಕೆ ತೀರ್ಪು ಬರೋ ತನಕ ಕಾಯಬೇಕಿಲ್ಲ.

ಉಲ್‌ಬ್ರಿಕ್ಟ್ ಈಗ ಹೊರಗಿದ್ದಾನೆ. 2025ರ ಜನವರಿ 21ರಂದು ಅಧ್ಯಕ್ಷ ಟ್ರಂಪ್ ಪೂರ್ಣ ಕ್ಷಮಾದಾನ ಕೊಟ್ಟರು. ಯೂಟಾದ ಸುಪಾರಿಯ ಮೇರಿಲ್ಯಾಂಡ್ ಕೇಸನ್ನು, ಹೇಗೂ ಜೀವಾವಧಿ ಖಾಯಂ ಆಗಿದೆಯಲ್ಲ ಅಂತ, ಸರ್ಕಾರವೇ 2018ರ ಜುಲೈನಲ್ಲಿ ವಾಪಸ್ ಪಡೆದಿತ್ತು, ಮತ್ತೆ ಹೂಡಲು ಬಾರದ ಹಾಗೆ. ಹಾಗಾಗಿ ಆರರಲ್ಲಿ ಒಂದರ ಬಗ್ಗೆಯೂ ಒಂದು ಜ್ಯೂರಿ ಕೂತು ತೀರ್ಪು ಕೊಟ್ಟಿಲ್ಲ.